ಗಾಳಿಯಿಂದ ತಣಿಯುವ ಇಂಜಿನ್ನು: ಕಂಪ್ರೆಷನ್ ಎಷ್ಟು ಏರಿಸಬಹುದು?

ಸೈಕಲ್ಲಿಗೆ ಗಾಳಿ ಹೊಡೆಯದವರು ನಮ್ಮಲ್ಲಿ ಬಹಳ ಜನ ಇರಲಾರರು. ಇಪ್ಪತ್ತು ಸಲ ಜೋರಾಗಿ ಪಂಪು ಒತ್ತಿದ ಮೇಲೆ ಅದರ ಬುಡವನ್ನು ಮುಟ್ಟಿ ನೋಡಿದರೆ ಕೈಗೆ ಬಿಸಿ ತಾಕುತ್ತದೆ. ಒಲೆ ಇಲ್ಲ, ಬೆಂಕಿ ಇಲ್ಲ. ಆದರೂ ಕಾವು ಬಂದಿದೆ. ಗಾಳಿಯನ್ನು ಅದುಮಿದರೆ ಅದು ಕಾಯುತ್ತದೆಂಬ ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಇಂದಿನ ನನ್ನ ವಿಷಯದಲ್ಲಿ ಅರ್ಧ ಭಾಗ ನಿಮಗೆ ಆಗಲೇ ತಿಳಿದಂತೆ.

ಕೆಲವು ದಿನಗಳ ಹಿಂದೆ ಚೌಡಾಪುರದ ಒಬ್ಬ ತರುಣ ತನ್ನ ತಂದೆಯ ಹಳೆಯ ಬುಲೆಟ್ ಮೋಟಾರು ಸೈಕಲ್ಲನ್ನು ಟಂಟಂನಲ್ಲಿ ಹೇರಿಕೊಂಡು ನನ್ನಲ್ಲಿಗೆ ಬಂದ. ಚೌಡಾಪುರ ನಿಮಗೆ ಗೊತ್ತೇ ಇದೆ. ಕಲಬುರಗಿಯಿಂದ ಅಫಜಲಪುರದ ಕಡೆಗೆ ಹೋಗುವವರು ಅಲ್ಲಿ ನೆಟ್ಟಗೆ ಸಾಗುತ್ತಾರೆ. ದೇವಲ ಗಾಣಗಾಪುರದ ದತ್ತನ ದರ್ಶನಕ್ಕೆ ಹೋಗುವವರು ಅಲ್ಲಿ ತಿರುಗುತ್ತಾರೆ. ಇಂಜಿನ್ನು ಹೊಗೆಯುಗುಳುತ್ತಿತ್ತು, ಎಣ್ಣೆ ಕುಡಿಯುತ್ತಿತ್ತು. ಬಿಚ್ಚಿ ಕಟ್ಟುವುದು ಅನಿವಾರ್ಯವೇ ಆಗಿತ್ತು. ಹುಡುಗನ ಮನಸ್ಸಿನಲ್ಲಿ ಇನ್ನೊಂದು ಆಸೆಯೂ ಇತ್ತು.

“ಕಾಕಾ, ಹ್ಯಾಂಗೂ ಬಿಚ್ಚೋದೇ ಅದ, ಕಂಪ್ರೆಷನ್ ಏರಿಸಿ ಕೊಡ್ರಿ. ಪೋರ್ಶೆ ಕಾರಿನವರು ಏರಿಸ್ತಾರಂತ. ಅದೂ ಗಾಳೀಲಿಂದ ತಣ್ಣಗಾಗೋ ಇಂಜಿನ್ನೇ, ನಮ್ದೂ ಅದೇ ಅಲ್ಲೇನ್ರಿ?” ಎಂದ.

“ಎಷ್ಟಕ್ಕ ಏರಿಸಬೇಕು, ತಮ್ಮಾ?”

“ಹತ್ತಕ್ಕ ಏರಿಸ್ರಿ.”

“ಗಾಡಿ ಯಾರು ಹೊಡೀತಾರ?”

“ಅಪ್ಪನೇ ಹೊಡೀತಾನ. ಹಿಂದ ಅವ್ವ ಕೂಡ್ತಾಳ.”

ಅವನ ಈ ಕೊನೆಯ ಮಾತೇ ನನ್ನ ಭಾಷಣಕ್ಕೆ ಕಾರಣ. ಹುಡುಗನ ಆಸೆಯಲ್ಲಿ ತಪ್ಪೇನೂ ಇರಲಿಲ್ಲ. ಅವನು ಹೇಳಿದ ಪೋರ್ಶೆಯ ಮಾತೂ ಸುಳ್ಳಲ್ಲ. 1948ರಲ್ಲಿ ಆಸ್ಟ್ರಿಯಾದ ಗ್ಮುಂಡ್ ಎಂಬ ಊರಿನಲ್ಲಿ ತಯಾರಾದ ಮೊದಲ ಪೋರ್ಶೆ ಕಾರಿನಲ್ಲಿ ಇದ್ದುದು ಸಾಧಾರಣ ಫೋಕ್ಸ್‌ವ್ಯಾಗನ್ ಕಾರಿನ 1131 ಘನ ಸೆಂಟಿಮೀಟರಿನ ಇಂಜಿನ್ನೇ. ಮೂಲದಲ್ಲಿ ಅದರ ಕಂಪ್ರೆಷನ್ 5.8ಕ್ಕೆ 1, ಶಕ್ತಿ 25 ಅಶ್ವಶಕ್ತಿ. ಪೋರ್ಶೆಯವರು ಅದನ್ನು 7ಕ್ಕೆ 1 ಮಾಡಿ, ಉಸಿರಾಟವನ್ನೂ ಸುಧಾರಿಸಿ, ಸುಮಾರು 35 ಅಶ್ವಶಕ್ತಿ ಪಡೆದರು. ಬಡವರ ಕಾರಿನ ಇಂಜಿನ್ನು ಪಂದ್ಯದ ಕಾರಿನ ಇಂಜಿನ್ನಾದದ್ದು ಹೀಗೆ. ಆದರೆ ಆ ಬುದ್ಧಿವಂತರು ನಿಂತದ್ದು 7ರಲ್ಲಿ, 10ರಲ್ಲಿ ಅಲ್ಲ ಎಂಬುದನ್ನು ಗಮನಿಸಬೇಕು. ಆ ಕಾಲದ ಪೆಟ್ರೋಲು ಅದಕ್ಕಿಂತ ಹೆಚ್ಚನ್ನು ತಾಳುತ್ತಿರಲಿಲ್ಲ.

ಈ 7ಕ್ಕೆ 1, 10ಕ್ಕೆ 1 ಎಂದರೇನು? ನಾವು ಬುಲೆಟ್ಟನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ನಮ್ಮ ಸೀಮೆಯಲ್ಲಿ ಗಾಳಿಯಿಂದ ತಣಿಯುವ ನಾಲ್ಕು ಹೊಡೆತದ ಇಂಜಿನ್ನೆಂದರೆ ಮೊದಲು ಕಣ್ಣಿಗೆ ಬೀಳುವುದು ಅದೇ. 1955ರಿಂದ ಮದರಾಸಿನಲ್ಲಿ ಕಟ್ಟಲಾರಂಭಿಸಿದ ಯಂತ್ರ. ಹಳೆಯ 350 ಬುಲೆಟ್ಟಿನ ಸಿಲಿಂಡರಿನ ಒಳವ್ಯಾಸ 70 ಮಿಲಿಮೀಟರು, ಪಿಸ್ಟನ್ನಿನ ಓಡಾಟ 90 ಮಿಲಿಮೀಟರು. ಪಿಸ್ಟನ್ನು ತೀರ ಮೇಲಕ್ಕೆ ಬಂದು ನಿಂತಾಗ ಅದರ ನೆತ್ತಿಯ ಮೇಲೆ ಉಳಿಯುವ ಜಾಗ ಸುಮಾರು 77 ಘನ ಸೆಂಟಿಮೀಟರು. ಇದನ್ನು ಸುಲಭವಾಗಿ ಹೀಗೆ ತಿಳಿಯಬಹುದು. ಸಿಲಿಂಡರನ್ನು ಒಂದು ನೀಳವಾದ ಲೋಟವೆಂದು ಭಾವಿಸಿರಿ. ಆ 77 ಘನ ಸೆಂಟಿಮೀಟರು ಎಂದರೆ ಲೋಟದಲ್ಲಿ ಸರಿಯಾಗಿ 20 ಮಿಲಿಮೀಟರು ಎತ್ತರ. ಪಿಸ್ಟನ್ನು ಕೆಳಗಿದ್ದಾಗ ಗಾಳಿಯ ಎತ್ತರ 90 ಮತ್ತು 20, ಒಟ್ಟು 110. ಮೇಲೆ ಬಂದಾಗ 20. 110ನ್ನು 20ರಿಂದ ಭಾಗಿಸಿದರೆ 5.5. ಹಳೆಯ ಬುಲೆಟ್ಟಿನ ಕಂಪ್ರೆಷನ್ 5.5ಕ್ಕೆ 1 ಎನ್ನುವುದರ ಅರ್ಥ ಇಷ್ಟೇ. ಮನೆಯ ಮಕ್ಕಳೂ ಈ ಲೆಕ್ಕ ಮಾಡಬಲ್ಲರು.

ಈಗ ಆ 20 ಮಿಲಿಮೀಟರನ್ನು 15ಕ್ಕೆ ಇಳಿಸಿದರೆ 105ನ್ನು 15ರಿಂದ ಭಾಗಿಸಬೇಕು; 7 ಬರುತ್ತದೆ. 12ಕ್ಕೆ ಇಳಿಸಿದರೆ 8.5. ಹುಡುಗ ಕೇಳಿದ 10 ಬರಬೇಕಾದರೆ ಬರಿಯ 10 ಮಿಲಿಮೀಟರು ಉಳಿಸಬೇಕು. ಅಂದರೆ ಇಂಜಿನ್ನು ಉಸಿರಾಡುವ ಕೋಣೆಯಲ್ಲಿ ಅರ್ಧವನ್ನು ಗೋಡೆ ಹಾಕಿ ಮುಚ್ಚಿದಂತೆ.

ಅದರಿಂದ ಬರುವ ಲಾಭವೇನು? ಹೆಚ್ಚು ಅದುಮಿದ ಗಾಳಿ-ಪೆಟ್ರೋಲಿನ ಮಿಶ್ರಣ ಉರಿದಾಗ ಹೆಚ್ಚು ಹಿಗ್ಗುತ್ತದೆ. ಅದೇ ಪೆಟ್ರೋಲಿನಿಂದ ಹೆಚ್ಚು ಕೆಲಸ ದೊರೆಯುತ್ತದೆ. ಪುಸ್ತಕದ ಆದರ್ಶ ಲೆಕ್ಕದಲ್ಲಿ 5.5ರ ಇಂಜಿನ್ನು ಇಂಧನದ ಕಾವಿನಲ್ಲಿ ನೂರಕ್ಕೆ 49 ಭಾಗವನ್ನು ಕೆಲಸವಾಗಿ ಮಾಡಬಹುದು, 6.5ರದು 53, 7ರದು 54, 8.5ರದು 57ಕ್ಕಿಂತ ತುಸು ಹೆಚ್ಚು. ನಿಜವಾದ ಇಂಜಿನ್ನಿನಲ್ಲಿ ದೊರೆಯುವುದು ಇದರ ಅರ್ಧದ ಆಸುಪಾಸಿನಲ್ಲಿ. ಆದರೆ ಏರಿಕೆಯ ಬಗೆ ಅದೇ. ಇಲ್ಲಿ ಒಂದು ಸೂಕ್ಷ್ಮವಿದೆ. 5.5ರಿಂದ 6.5ಕ್ಕೆ ಏರಿದಾಗ ಸಿಗುವ ಲಾಭ ನೂರಕ್ಕೆ ಆರಕ್ಕಿಂತ ಹೆಚ್ಚು. 9.5ರಿಂದ 10.5ಕ್ಕೆ ಏರಿದಾಗ ನೂರಕ್ಕೆ ಮೂರೂ ಇಲ್ಲ. ಮೊದಲ ಮೆಟ್ಟಿಲುಗಳಲ್ಲಿ ಲಾಭ ಹೆಚ್ಚು, ಅಪಾಯ ಕಡಿಮೆ. ಮೇಲಿನ ಮೆಟ್ಟಿಲುಗಳಲ್ಲಿ ಲಾಭ ಕಡಿಮೆ, ಅಪಾಯ ಹೆಚ್ಚು. ವ್ಯಾಪಾರ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಪಾಯ ಯಾವುದು ಎಂಬುದಕ್ಕೆ ಬರೋಣ. ಒಳ್ಳೆಯ ಇಂಜಿನ್ನಿನಲ್ಲಿ ಕಿಡಿ ಹಾರಿದ ಮೇಲೆ ಉರಿ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ, ಗಾಳಿಯಲ್ಲಿ ಹುಲ್ಲಿಗೆ ಬಿದ್ದ ಬೆಂಕಿಯಂತೆ, ಹರಡುತ್ತ ಹೋಗುತ್ತದೆ. ಉರಿ ತಲುಪುವ ಮೊದಲೇ ಕೊನೆಯ ಮೂಲೆಯ ಮಿಶ್ರಣ ಅತಿಯಾದ ಒತ್ತಡದಿಂದ, ಕಾವಿನಿಂದ ತಾನಾಗಿಯೇ ಸಿಡಿದರೆ ಅದನ್ನು ನಾಕಿಂಗ್ ಎನ್ನುತ್ತಾರೆ. ತಗಡಿನ ಡಬ್ಬಿಯಲ್ಲಿ ಹರಳು ಹಾಕಿ ಅಲುಗಿಸಿದಂತಹ ಸದ್ದು. ದಿನ್ನೆ ಏರುವಾಗ, ಹಿಂದೆ ಭಾರವಿದ್ದಾಗ, ಕೆಳಗಿನ ಗೇರಿಗೆ ಇಳಿಸದೆ ಎಕ್ಸಿಲೇಟರು ತಿರುವಿದಾಗ ನೀವು ಇದನ್ನು ಕೇಳಿರಬಹುದು. ಇಂಗ್ಲೆಂಡಿನ ಹ್ಯಾರಿ ರಿಕಾರ್ಡೊ ಮೊದಲ ಮಹಾಯುದ್ಧದ ನಂತರದ ವರ್ಷಗಳಲ್ಲಿ ಓಡುತ್ತಿರುವಾಗಲೇ ಕಂಪ್ರೆಷನ್ ಬದಲಾಯಿಸಬಲ್ಲ ಒಂದು ಪ್ರಯೋಗದ ಇಂಜಿನ್ನನ್ನು ಕಟ್ಟಿ, ಯಾವ ಇಂಧನ ಎಷ್ಟು ಅದುಮುವಿಕೆಯನ್ನು ತಾಳುತ್ತದೆಂಬುದನ್ನು ಒಂದೊಂದಾಗಿ ಅಳೆದು ತೋರಿಸಿದರು. ಇಂಧನದ ಈ ತಾಳುವ ಗುಣವನ್ನೇ ನಾವು ಆಕ್ಟೇನ್ ಎಂದು ಕರೆಯುತ್ತೇವೆ. ಅದನ್ನು ಹೆಚ್ಚಿಸಲು 1921ರಲ್ಲಿ ಅಮೆರಿಕದಲ್ಲಿ ಸೀಸದ ಒಂದು ಸಂಯುಕ್ತವನ್ನು ಕಂಡುಹಿಡಿದರು. ಹಲವು ದಶಕಗಳ ಕಾಲ ಜಗತ್ತು ಆ ವಿಷವನ್ನು ಉಸಿರಾಡಿತು. ನಮ್ಮ ದೇಶದ ಪೆಟ್ರೋಲಿನಿಂದ ಸೀಸ ಪೂರ್ಣವಾಗಿ ಹೋದದ್ದು 2000ನೆಯ ಇಸವಿಯಲ್ಲಿ.

ನೀರಿನಿಂದ ತಣಿಯುವ ಇಂಜಿನ್ನಿಗೆ ಈ ವಿಷಯದಲ್ಲಿ ಒಂದು ಆಸರೆಯಿದೆ. ಸುತ್ತಲಿನ ನೀರು ಅದರ ತಲೆಯನ್ನು ಒಂದು ಮಿತಿಯಲ್ಲಿ ಹಿಡಿದಿಡುತ್ತದೆ. ಗಾಳಿಯ ಇಂಜಿನ್ನಿಗೆ ಅಂತಹ ಆಸರೆ ಇಲ್ಲ. ಪೋರ್ಶೆ, ಫೋಕ್ಸ್‌ವ್ಯಾಗನ್ ಕಾರುಗಳಲ್ಲಿ ದೊಡ್ಡ ಫ್ಯಾನು ಗಾಳಿಯನ್ನು ರೆಕ್ಕೆಗಳ ಮೇಲೆ ದೂಡುತ್ತಿರುತ್ತದೆ. ನಿಂತಲ್ಲಿಯೂ ಅದು ತಿರುಗುತ್ತದೆ. ಮೋಟಾರು ಸೈಕಲ್ಲಿಗೆ ಆ ಭಾಗ್ಯವಿಲ್ಲ. ಓಡಿದರೆ ಗಾಳಿ, ನಿಂತರೆ ಇಲ್ಲ. ಕಬ್ಬು ಕಡಿಯುವ ಕಾಲದಲ್ಲಿ ಅಫಜಲಪುರದ ದಾರಿಯಲ್ಲಿ ಎರಡು ಟ್ರೇಲರು ಕಟ್ಟಿದ ಟ್ರ್ಯಾಕ್ಟರಿನ ಹಿಂದೆ ಎರಡನೆಯ ಗೇರಿನಲ್ಲಿ ತೆವಳುತ್ತ ಹೋಗುವ ಬುಲೆಟ್ಟನ್ನು ನೆನೆಸಿಕೊಳ್ಳಿರಿ. ಹುಣ್ಣಿಮೆಯ ದಿನ ಗಾಣಗಾಪುರದ ಜನಸಂದಣಿಯಲ್ಲಿ ಕಾಲೂರಿಕೊಂಡು ಮುಂದೆ ಸರಿಯುವುದನ್ನು ನೆನೆಸಿಕೊಳ್ಳಿರಿ. ಪೋರ್ಶೆಯ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಬಿಸಿಲಿನ ಮಾತು ಇನ್ನೂ ಮುಖ್ಯವಾದದ್ದು. ಬೆಂಗಳೂರಿನಲ್ಲಿ ಯಾರೋ 7ಕ್ಕೆ 1 ಮಾಡಿ ಸುಖವಾಗಿ ಓಡಿಸುತ್ತಿದ್ದಾರೆಂದು ಕೇಳಿ ನಮ್ಮವರು ಹಾಗೆಯೇ ಮಾಡಲು ಹೊರಡುತ್ತಾರೆ. 27 ಡಿಗ್ರಿಯ ಗಾಳಿಯನ್ನು 7ಕ್ಕೆ 1ರಂತೆ ಅದುಮಿದರೆ, ಆದರ್ಶ ಲೆಕ್ಕದಲ್ಲಿ, ಅದರ ಕಾವು 380 ಡಿಗ್ರಿಗೆ ಏರುತ್ತದೆ. ಮೇ ತಿಂಗಳಿನ ನಮ್ಮ 42 ಡಿಗ್ರಿಯ ಗಾಳಿಯನ್ನು ಹಾಗೆಯೇ ಅದುಮಿದರೆ 413. ಹೊರಗಿನ 15 ಡಿಗ್ರಿಯ ವ್ಯತ್ಯಾಸ ಒಳಗೆ 33 ಡಿಗ್ರಿಯಾಗುತ್ತದೆ. ಅದೇ 413 ಡಿಗ್ರಿಯನ್ನು ಬೆಂಗಳೂರಿನ ಮನುಷ್ಯ ಕಾಣಬೇಕಾದರೆ ಅವನು ತನ್ನ ಇಂಜಿನ್ನನ್ನು ಸುಮಾರು 7.9ಕ್ಕೆ ಏರಿಸಬೇಕು. ಎಂದರೆ, ನೀವು 7 ಮಾಡಿದಿರಿ. ಬಿಸಿಲು ಅದನ್ನು ಹೆಚ್ಚುಕಡಿಮೆ 8 ಮಾಡಿತು! ಮೇಲಾಗಿ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿನ ಮೇಲಿದೆ. ಅಲ್ಲಿಯ ಗಾಳಿ ತೆಳು. ನಮ್ಮದು ಅದರ ಅರ್ಧದಷ್ಟು ಎತ್ತರ. ಸಿಲಿಂಡರಿಗೆ ತುಂಬುವ ಗಾಳಿಯ ಒತ್ತಡವೂ ಇಲ್ಲಿ ಹೆಚ್ಚು. ಆದ್ದರಿಂದ ಪರ ಊರಿನ ಅಂಕಿಯನ್ನು ಎರವಲು ತರಬಾರದು.

ಈ ಎಚ್ಚರ ನನಗೆ ಪುಸ್ತಕದಿಂದ ಬಂದದ್ದಲ್ಲ. ನನ್ನ ತಾರುಣ್ಯದಲ್ಲಿ ಸೋದರಮಾವನ ಬುಲೆಟ್ಟಿಗೆ ನಾನೇ ಕೈ ಹಾಕಿದ್ದೆ. ಗುಮ್ಮಟದಂತೆ ಎತ್ತರದ ನೆತ್ತಿಯಿದ್ದ ಒಂದು ಪಿಸ್ಟನ್ನು ಎಲ್ಲಿಯೋ ಸಿಕ್ಕಿತು, ಕೂಡಿಸಿದೆ. ಅಳೆಯಲಿಲ್ಲ. ಕಿಡಿಯ ವೇಳೆಯನ್ನು ಹಿಂದೆ ಸರಿಸಲಿಲ್ಲ. ಒಂದು ವಾರ ಗಾಡಿ ಕುದುರೆಯಂತೆ ಓಡಿತು. ನಾನು ಊರಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಎಂಟನೆಯ ದಿನ ಮಧ್ಯಾಹ್ನ ಮಾವ ಅಫಜಲಪುರದಿಂದ ಬರುತ್ತಿದ್ದಾಗ ಪಿಸ್ಟನ್ನು ಸಿಲಿಂಡರಿನಲ್ಲಿ ಹಿಡಿದುಕೊಂಡಿತು. ಪಿಸ್ಟನ್ನು ಅಲ್ಯುಮಿನಿಯಮ್ಮಿನದು, ಸಿಲಿಂಡರು ಎರಕದ ಕಬ್ಬಿಣದ್ದು. ಅಷ್ಟೇ ಕಾವಿಗೆ ಅಲ್ಯುಮಿನಿಯಮ್ಮು ಸುಮಾರು ಎರಡರಷ್ಟು ಹಿಗ್ಗುತ್ತದೆ. ಹಿಂದಿನ ಗಾಲಿ ಒಮ್ಮೆಲೇ ಕಟ್ಟಿತು. ಮಾವ ರಸ್ತೆಯ ಬದಿಯ ತೊಗರಿ ಹೊಲದಲ್ಲಿ ಬಿದ್ದದ್ದರಿಂದ ಮೊಣಕಾಲು ತರಚಿದ್ದು ಬಿಟ್ಟರೆ ಬೇರೆ ಪೆಟ್ಟಾಗಲಿಲ್ಲ. ಎದುರಿನಿಂದ ಲಾರಿ ಬರುತ್ತಿರಲಿಲ್ಲ ಎಂಬುದು ನನ್ನ ಪುಣ್ಯ. ಆಮೇಲೆ ಅಳೆದು ನೋಡಿದೆ. ನೆತ್ತಿಯ ಮೇಲೆ ಉಳಿದಿದ್ದುದು 11 ಮಿಲಿಮೀಟರಿನಷ್ಟು ಜಾಗ. 9ಕ್ಕಿಂತ ಹೆಚ್ಚಿನ ಕಂಪ್ರೆಷನ್. ಮಾವ ನನ್ನನ್ನು ಬೈಯಲಿಲ್ಲ. ಆ ಮೇಲೆ ನನ್ನ ಕೈಗೆ ಗಾಡಿ ಕೊಡಲೂ ಇಲ್ಲ.

ಹಾಗಾದರೆ ಏರಿಸಲೇಬಾರದೆ? ಏರಿಸಬಹುದು. ಹಳೆಯ ತಲೆಯ 350 ಬುಲೆಟ್ಟಿಗೆ ನಮ್ಮ ಬಿಸಿಲಿನಲ್ಲಿ 6.5 ಒಳ್ಳೆಯದು, 7 ಕೊನೆಯ ಗೆರೆ. ಇದು ನನ್ನ ಅಭಿಪ್ರಾಯ. “ಹೊಸ ಬುಲೆಟ್ಟಿನಲ್ಲಿ 8.5 ಇತ್ತಲ್ಲ?” ಎಂದು ನೀವು ಕೇಳಬಹುದು. ಇತ್ತು. 2008ರ ನಂತರ ಬಂದ, ಇಂಜಿನ್ನೂ ಗೇರಿನ ಪೆಟ್ಟಿಗೆಯೂ ಒಂದೇ ಆಗಿದ್ದ 350ರಲ್ಲಿಯೂ ಅದೇ 70 ಮತ್ತು 90ರ ಅಳತೆ, ಕಂಪ್ರೆಷನ್ 8.5. ಆದರೆ ಅದರ ತಲೆಯೇ ಬೇರೆ. ಅದರಲ್ಲಿ ಒಂದರ ಬದಲು ಎರಡು ಪ್ಲಗ್ಗುಗಳಿದ್ದವು. ಎರಡು ಕಡೆಯಿಂದ ಉರಿ ಹೊರಟರೆ ಕೊನೆಯ ಮೂಲೆ ಎಂಬುದು ಹತ್ತಿರವಾಗುತ್ತದೆ, ಸಿಡಿಯಲು ಸಮಯ ಸಿಗುವುದಿಲ್ಲ. ಇಷ್ಟೆಲ್ಲ ಮಾಡಿಯೂ ಕಾರ್ಖಾನೆಯವರು ಹೇಳಿಕೊಂಡ ಶಕ್ತಿ 19.8 ಅಶ್ವಶಕ್ತಿ, ಹಳೆಯದರದು 18. ಹೊಗೆಯ ಕಟ್ಟಳೆಗಳೂ ಅದನ್ನು ಹಿಡಿದೆಳೆದಿದ್ದವು ನಿಜ. ಆದರೂ ಕಂಪ್ರೆಷನ್ ಒಂದರಿಂದಲೇ ಗಾಡಿ ವಿಮಾನವಾಗುವುದಿಲ್ಲ ಎಂಬುದು ತಿಳಿಯುತ್ತದೆ.

ಇನ್ನು ಮೈಸೂರಿನ ಜಾವಾ, ಯೆಜ್ಡಿ ಇಟ್ಟುಕೊಂಡವರಿಗೆ ಒಂದು ಮಾತು. 1961ರಿಂದ 1996ರ ವರೆಗೆ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಆ ಗಾಡಿಗಳೂ ಗಾಳಿಯಿಂದಲೇ ತಣಿಯುವಂತಹವು. ಆದರೆ ಎರಡು ಹೊಡೆತದವು. ಅವುಗಳಲ್ಲಿ ಹೊಗೆಯ ಕಿಂಡಿ ಮುಚ್ಚಿದ ಮೇಲೆಯೇ ನಿಜವಾದ ಅದುಮುವಿಕೆ ಆರಂಭವಾಗುವುದರಿಂದ ಮೇಲಿನ ಲೆಕ್ಕವನ್ನು ಅವಕ್ಕೆ ಹಾಗೆಯೇ ಹಚ್ಚಬಾರದು. ಸಿಲಿಂಡರಿನ ಬುಡ ಸವೆದರೆ ಕಿಂಡಿಗಳ ಎತ್ತರವೂ ಬದಲಾಗಿ ಇಂಜಿನ್ನಿನ ಗುಣವೇ ಕೆಡುತ್ತದೆ.

ಈಗ ಬಿಚ್ಚಿ ಕಟ್ಟುವ ಕೆಲಸಕ್ಕೆ ಬರೋಣ. ಮೇಲಿನ ಭಾಗಕ್ಕಿಂತ ಮೊದಲು ಕೆಳಗಿನದನ್ನು ನೋಡಬೇಕು. ಹಳೆಯ ಬುಲೆಟ್ಟಿನ ಕನೆಕ್ಟಿಂಗ್ ರಾಡು ಹಗುರ ಲೋಹದ್ದು. ಅದರ ದೊಡ್ಡ ಕಣ್ಣಿನಲ್ಲಿ ತೇಲುವ ಬುಶ್ ಇರುತ್ತದೆ. ಕಂಪ್ರೆಷನ್ ಏರಿದಷ್ಟೂ ಪ್ರತಿ ಸಿಡಿತದ ಪೆಟ್ಟು ಆ ಬುಶ್ಶಿನ ಮೇಲೆ ಹೆಚ್ಚು ಬೀಳುತ್ತದೆ. ರಾಡನ್ನು ಮೇಲೆ ಕೆಳಗೆ ಜಗ್ಗಿ ನೋಡಿದಾಗ ಸಡಿಲು ಕಂಡರೆ, ಎಣ್ಣೆಯ ಪಂಪು ಸವೆದಿದ್ದರೆ, ಮೊದಲು ಅದಕ್ಕೆ ಹಣ ಹಾಕಿರಿ. ಬುನಾದಿ ಅಲುಗುತ್ತಿರುವ ಮನೆಯ ಮೇಲೆ ಯಾರೂ ಮಾಳಿಗೆ ಏರಿಸುವುದಿಲ್ಲ.

ಕಂಪ್ರೆಷನ್ ಏರಿಸಲು ಗಿರಾಕಿಗಳಿಗೆ ಮೊದಲು ಹೊಳೆಯುವ ದಾರಿ ಸಿಲಿಂಡರಿನ ಬುಡವನ್ನು ಲೇಥಿನಲ್ಲಿ ಸವೆಸುವುದು. ಲೆಕ್ಕ ಹಾಕಿರಿ. 1 ಮಿಲಿಮೀಟರು ಸವೆಸಿದರೆ 20 ಇದ್ದದ್ದು 19 ಆಗುತ್ತದೆ. 109ನ್ನು 19ರಿಂದ ಭಾಗಿಸಿದರೆ 5.74. ಅಷ್ಟು ಕಷ್ಟಕ್ಕೆ ಇಷ್ಟೇ ಫಲ. 6.5 ಬರಬೇಕಾದರೆ 3.6 ಮಿಲಿಮೀಟರು ಸವೆಸಬೇಕು; ಅಷ್ಟರಲ್ಲಿ ಪಿಸ್ಟನ್ನು ತಲೆಗೆ, ವಾಲ್ವುಗಳಿಗೆ ತಾಗುವ ಹಂತಕ್ಕೆ ಬರುತ್ತದೆ, ಪುಶ್‌ರಾಡುಗಳು ಉದ್ದವಾಗುತ್ತವೆ. ಆದ್ದರಿಂದ ಸರಿಯಾದ ದಾರಿ ತುಸು ಎತ್ತರದ ನೆತ್ತಿಯ ಒಳ್ಳೆಯ ಪಿಸ್ಟನ್ನು. ಸಿಲಿಂಡರನ್ನು ಬೋರು ಮಾಡಿಸಿ ವ್ಯಾಸ ಒಂದು ಮಿಲಿಮೀಟರು ಹೆಚ್ಚಿದರೆ ಅದರಿಂದಲೇ 5.5 ಇದ್ದದ್ದು 5.6ರ ಮೇಲಕ್ಕೆ ಹೋಗುತ್ತದೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಪಿಸ್ಟನ್ನಿನ ಡಬ್ಬಿಯ ಮೇಲೆ ಬರೆದ ಅಂಕಿಯನ್ನು ನಂಬಬೇಡಿರಿ. ವಾಲ್ವಿನ ಸೀಟುಗಳನ್ನು ಹಲವು ಸಲ ಅರೆದ ಹಳೆಯ ತಲೆಯಲ್ಲಿ ಜಾಗ ಹೆಚ್ಚಿರುತ್ತದೆ. ಹಿಂದೆ ಯಾರೋ ಸವೆಸಿದ್ದರೆ ಕಡಿಮೆ ಇರುತ್ತದೆ. ಅಳೆಯುವುದು ಕಠಿಣವಲ್ಲ. ಔಷಧದ ಅಂಗಡಿಯಿಂದ 20 ಮಿಲಿಲೀಟರಿನ ಒಂದು ಸಿರಿಂಜು ತನ್ನಿರಿ. ತಲೆಗೆ ವಾಲ್ವು, ಪ್ಲಗ್ಗು ಕೂಡಿಸಿ ಬೋರಲು ಹಾಕಿ, ಅಂಚಿಗೆ ಗ್ರೀಸು ಸವರಿ, ನಡುವೆ ಸಣ್ಣ ತೂತಿರುವ ಪ್ಲಾಸ್ಟಿಕ್ಕಿನ ಗಾಜುಪಟ್ಟಿಯನ್ನು ಒತ್ತಿ ಕೂಡಿಸಿರಿ. ತೂತಿನಿಂದ ಸೀಮೆಎಣ್ಣೆಯನ್ನೋ ಡೀಸೆಲನ್ನೋ ಗುಳ್ಳೆ ಉಳಿಯದಂತೆ ತುಂಬಿರಿ. ಎಷ್ಟು ಹಿಡಿಯಿತೋ ಅದೇ ತಲೆಯ ಅಳತೆ. ಪಿಸ್ಟನ್ನಿನ ನೆತ್ತಿಯನ್ನೂ ಹೀಗೆಯೇ ಅಳೆಯಬಹುದು. ಅದರ ಅಂಚು ಸಿಲಿಂಡರಿನ ಬಾಯಿಂದ ಸರಿಯಾಗಿ 20 ಮಿಲಿಮೀಟರು ಕೆಳಗಿರುವಂತೆ ನಿಲ್ಲಿಸಿ, ಸುತ್ತ ಗ್ರೀಸು ಸವರಿ, ಪಟ್ಟಿ ಮುಚ್ಚಿ ತುಂಬಿರಿ. ನೆತ್ತಿ ಚಪ್ಪಟೆಯಾಗಿದ್ದರೆ 77 ಹಿಡಿಯಬೇಕು. 65 ಹಿಡಿದರೆ ಉಳಿದ 12 ನೆತ್ತಿಯ ಗುಬ್ಬಿನದು. ತಲೆಯ ಅಳತೆಗೆ ಪಿಸ್ಟನ್ನಿನ ಅಂಚಿನ ಮೇಲೆ ಉಳಿಯುವ ಸಂದನ್ನು, ಗ್ಯಾಸ್ಕೆಟ್ಟಿನ ದಪ್ಪವನ್ನು ಕೂಡಿಸಿ, ಗುಬ್ಬನ್ನು ಕಳೆದರೆ ಬೇಕಾದ ಉತ್ತರ ಬಂತು. 6.5ಕ್ಕೆ ಅದು 63 ಘನ ಸೆಂಟಿಮೀಟರು ಆಗಬೇಕು. 7ಕ್ಕೆ ಸುಮಾರು 58. ಅದಕ್ಕಿಂತ ಕಡಿಮೆ ಬಂದರೆ ದಪ್ಪ ಗ್ಯಾಸ್ಕೆಟ್ಟು ಹಾಕಿ ಸರಿಪಡಿಸಿರಿ, ನಾಚಿಕೆಪಡುವ ಕಾರಣವಿಲ್ಲ.

ಮುಂದಿನದು ತಾಕಾಟ ನೋಡುವ ಕೆಲಸ. ಮಕ್ಕಳು ಆಡುವ ಬಣ್ಣದ ಮೆತ್ತನೆಯ ಮಣ್ಣನ್ನು ಪಿಸ್ಟನ್ನಿನ ನೆತ್ತಿಯ ಮೇಲೆ ಹಚ್ಚಿ, ತಲೆ ಬಿಗಿದು, ಪ್ಲಗ್ಗು ತೆಗೆದಿಟ್ಟು, ಕೈಯಿಂದಲೇ ಮೆಲ್ಲಗೆ ಎರಡು ಸುತ್ತು ತಿರುಗಿಸಿರಿ. ಕಿಕ್ ಹೊಡೆಯಬೇಡಿರಿ. ಬಿಚ್ಚಿ, ಮಣ್ಣನ್ನು ಬ್ಲೇಡಿನಿಂದ ಕೊಯ್ದು ದಪ್ಪ ಅಳೆಯಿರಿ. ಪಿಸ್ಟನ್ನಿಗೂ ತಲೆಗೂ ನಡುವೆ ಎಲ್ಲಿಯೂ 1 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಒಳಗಾಳಿಯ ವಾಲ್ವಿಗೆ ಒಂದೂವರೆ, ಹೊಗೆಯ ವಾಲ್ವಿಗೆ 2 ಮಿಲಿಮೀಟರಾದರೂ ಇರಬೇಕು. ಹೊಗೆಯ ವಾಲ್ವು ಹೆಚ್ಚು ಕಾಯುವುದರಿಂದ ಹೆಚ್ಚು ಬೆಳೆಯುತ್ತದೆ. ಪಿಸ್ಟನ್ನಿನ ಮೇಲೆ, ತಲೆಯ ಒಳಗೆ ಚೂಪಾದ ಅಂಚುಗಳಿದ್ದರೆ ನಯವಾದ ಕಾಗದದಿಂದ ಉಜ್ಜಿ ಮೊಂಡು ಮಾಡಿರಿ. ಚೂಪಾದ ಮೂಲೆ, ಅಂಟಿದ ಮಸಿ, ಉದ್ದವಾದ ಪ್ಲಗ್ಗಿನ ದಾರ, ಇವೆಲ್ಲ ಹಂಚಿನ ಮೇಲೆ ಉಳಿದ ರೊಟ್ಟಿಯ ಚೂರಿನಂತೆ ಕೆಂಪಗೆ ಕಾಯ್ದು ಕಿಡಿಗಿಂತ ಮೊದಲೇ ಬೆಂಕಿ ಹಚ್ಚುತ್ತವೆ. ಪಿಸ್ಟನ್ನಿಗೆ ತೂತು ಬೀಳಿಸುವುದು ಹೆಚ್ಚಾಗಿ ಇದೇ. ರಿಂಗುಗಳ ಬಾಯಿಯ ಸಂದು 70 ಮಿಲಿಮೀಟರಿನ ಸಿಲಿಂಡರಿಗೆ ಕಾಲು ಮಿಲಿಮೀಟರಿಗಿಂತ ತುಸು ಹೆಚ್ಚೇ ಇರಲಿ. ರೆಕ್ಕೆಗಳ ನಡುವಿನ ಕರಿಮಣ್ಣನ್ನು ಕೆರೆದು ತೆಗೆಯಿರಿ. ಚಂದಕ್ಕಾಗಿ ದಪ್ಪ ಬಣ್ಣ ಬಳಿಯಬೇಡಿರಿ.

ಕಿಡಿಯ ವೇಳೆ ಬಹಳ ಜನ ಮರೆಯುವ ಸಂಗತಿ. ಹೆಚ್ಚು ಅದುಮಿದ ಮಿಶ್ರಣ ಬೇಗ ಉರಿಯುತ್ತದೆ. ಆದ್ದರಿಂದ ಕಿಡಿ ಮೊದಲಿಗಿಂತ ತುಸು ತಡವಾಗಿ ಬರಬೇಕು. ಕೈಪಿಡಿಯಲ್ಲಿ ಕೊಟ್ಟ ಸ್ಥಾನ ಹಳೆಯ ಕಂಪ್ರೆಷನ್ನಿಗೆ ಹೇಳಿದ್ದು. ಅಲ್ಲಿಂದ ಒಂದೆರಡು ಡಿಗ್ರಿ ಹಿಂದೆ ಸರಿಸಿ ಆರಂಭಿಸಿ, ಸದ್ದು ಕೇಳುತ್ತ ತಿದ್ದಿರಿ. ಒಂದು ನಂಬರು ತಂಪಾದ ಪ್ಲಗ್ಗು ಹಾಕಿರಿ. ಕಿಕ್ ಗಟ್ಟಿಯಾಗುತ್ತದೆ, ಡಿಕಂಪ್ರೆಸರಿನ ತಂತಿಯನ್ನು ಸರಿಮಾಡಿಸಿ, ಆಂಪಿಯರ್ ಮುಳ್ಳು ನೋಡಿ, ಪಿಸ್ಟನ್ನು ಮೇಲು ತುದಿ ದಾಟಿದ ಮೇಲೆಯೇ ಒದೆಯಿರಿ. ಇಲ್ಲದಿದ್ದರೆ ಒದೆ ನಿಮ್ಮ ಕಾಲಿಗೇ ತಿರುಗಿ ಬರುತ್ತದೆ.

ಇಂಧನದ ಮಾತನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ಏಕೆಂದರೆ ಈಚೆಗೆ ಇದರಲ್ಲಿ ದೊಡ್ಡ ಬದಲಾವಣೆಯಾಗಿದೆ. 2025ರ ಹೊತ್ತಿಗೆ ದೇಶದ ಬಂಕುಗಳಲ್ಲೆಲ್ಲ ನೂರಕ್ಕೆ 20 ಭಾಗ ಎಥನಾಲ್ ಬೆರೆತ ಪೆಟ್ರೋಲು ಬಂದಿತು. ನಮ್ಮ ಅಫಜಲಪುರದ ಸೀಮೆ ಕಬ್ಬಿನ ಸೀಮೆ. ಎಥನಾಲ್ ಹುಟ್ಟುವುದು ಬಹುಮಟ್ಟಿಗೆ ಕಬ್ಬಿನಿಂದ, ಧಾನ್ಯದಿಂದ. ಎಥನಾಲ್ ನಾಕಿಂಗನ್ನು ಚೆನ್ನಾಗಿ ತಾಳುತ್ತದೆ. ಆ ದೃಷ್ಟಿಯಿಂದ ಕಂಪ್ರೆಷನ್ ಏರಿಸುವವನಿಗೆ ಅದು ಮಿತ್ರ. ಆದರೆ ಅದರೊಳಗೆಯೇ ಆಮ್ಲಜನಕ ಇರುವುದರಿಂದ ಉರಿಯಲು ಕಡಿಮೆ ಗಾಳಿ ಸಾಕು. ಶುದ್ಧ ಪೆಟ್ರೋಲಿನ 1 ಕಿಲೋವಿಗೆ ಸುಮಾರು 14.7 ಕಿಲೋ ಗಾಳಿ ಬೇಕಾದರೆ ಈ ಮಿಶ್ರಣಕ್ಕೆ 13.5ರಷ್ಟು. ಹೊಸ ಗಾಡಿಯ ಯಂತ್ರಬುದ್ಧಿ ಇದನ್ನು ತಾನೇ ತಿದ್ದಿಕೊಳ್ಳುತ್ತದೆ. ಹಳೆಯ ಬುಲೆಟ್ಟಿನ ಕಾರ್ಬೋರೇಟರಿಗೆ ಅದು ತಿಳಿಯದು. ಮೊದಲಿನಷ್ಟೇ ಇಂಧನ ಬಿಡುತ್ತದೆ. ಮಿಶ್ರಣ ತೆಳುವಾಗುತ್ತದೆ. ತೆಳುವಾದ ಮಿಶ್ರಣ ತಲೆಯನ್ನು ಕಾಯಿಸುತ್ತದೆ. ಆಕ್ಟೇನ್ ಹೆಚ್ಚಾಯಿತೆಂದು ಸಂತೋಷಪಟ್ಟು ಕಂಪ್ರೆಷನ್ ಏರಿಸಿ, ಜೆಟ್ಟನ್ನು ಮೊದಲಿನದೇ ಬಿಟ್ಟವನು ಒಂದು ಕೈಯಿಂದ ಪಡೆದದ್ದನ್ನು ಇನ್ನೊಂದು ಕೈಯಿಂದ ಕಳೆದುಕೊಳ್ಳುತ್ತಾನೆ. ಮುಖ್ಯ ಜೆಟ್ಟನ್ನು ಒಂದೆರಡು ನಂಬರು ದೊಡ್ಡದು ಮಾಡಿರಿ. ತುಂಬಿದ ವೇಗದಲ್ಲಿ ಒಂದು ಮೈಲಿ ಓಡಿಸಿ, ಇಂಜಿನ್ನು ಬಂದು ಮಾಡಿ, ಕ್ಲಚ್ಚು ಹಿಡಿದು ನಿಲ್ಲಿಸಿ, ಪ್ಲಗ್ಗು ಬಿಚ್ಚಿ ನೋಡಿರಿ. ಸುಟ್ಟ ಬೆಲ್ಲದ ಬಣ್ಣ ಒಳ್ಳೆಯದು. ಸುಣ್ಣದಂತೆ ಬಿಳುಪಾದರೆ ಜೆಟ್ಟು ಇನ್ನೂ ಸಾಲದು. ಹಳೆಯ ರಬ್ಬರು ಕೊಳವೆಗಳನ್ನು ಎಥನಾಲ್ ತಾಳುವ ಹೊಸವಕ್ಕೆ ಬದಲಾಯಿಸಿರಿ. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯಾದರೆ ಟ್ಯಾಂಕನ್ನು ಖಾಲಿ ಮಾಡಿಡಿರಿ. ಎಥನಾಲ್ ಗಾಳಿಯೊಳಗಿನ ನೀರನ್ನು ಹೀರುತ್ತದೆ.

ಚೌಡಾಪುರದ ಹುಡುಗನಿಗೆ ಇದನ್ನೆಲ್ಲ ಹೇಳಿ, ಸಿರಿಂಜನ್ನು ಅವನ ಕೈಗೇ ಕೊಟ್ಟೆ. ಮೂರು ಸಲ ಅಳೆದ. ಮೂರು ಸಲವೂ ಬೇರೆ ಬೇರೆ ಬಂತು. ನಾಲ್ಕನೆಯ ಸಲದಿಂದ ಒಂದೇ ಉತ್ತರ ಬರತೊಡಗಿತು. ಕೊನೆಗೆ ನಿಂತದ್ದು 63.5, ಅಂದರೆ 6.5ಕ್ಕೆ ಕೂದಲೆಳೆಯಷ್ಟು ಕಡಿಮೆ. “ಹತ್ತು ಆಗ್ಲಿಲ್ಲಲ್ಲ ಕಾಕಾ” ಎಂದು ಮುಖ ಸಣ್ಣದು ಮಾಡಿದ. ಮೊದಲ 500 ಕಿಲೋಮೀಟರು ಅಪ್ಪ ಒಬ್ಬನೇ, ಬೆಳಗಿನ ತಂಪಿನಲ್ಲಿ, 50ರ ಒಳಗೆ ಓಡಿಸಬೇಕೆಂದೂ, ಎಂತಹ ಸಂದರ್ಭದಲ್ಲಿಯೂ ಎಡಗೈಯ ಎರಡು ಬೆರಳು ಕ್ಲಚ್ಚಿನ ಮೇಲೆ ಇರಬೇಕೆಂದೂ, ಇಂಜಿನ್ನು ಹಿಡಿಯಿತೆನಿಸಿದ ಕ್ಷಣ ಅದನ್ನು ಒತ್ತಬೇಕೆಂದೂ ಹೇಳಿ ಕಳಿಸಿದೆ. 500 ಮುಗಿದ ಮೇಲೆ ತಲೆಯ ಬೋಲ್ಟುಗಳನ್ನು ಇಂಜಿನ್ನು ಪೂರ್ತಿ ತಣ್ಣಗಿದ್ದಾಗ ಮತ್ತೆ ಬಿಗಿಯಲು, ಎಣ್ಣೆ ಬದಲಾಯಿಸಲು ಅವನು ಬರಬೇಕು. ಪುಶ್‌ರಾಡುಗಳನ್ನೂ ಆಗಲೇ ನೋಡುವುದು. ತಣ್ಣಗಿದ್ದಾಗ ಬೆರಳಿನಿಂದ ಸರಾಗ ತಿರುಗಬೇಕು, ಮೇಲೆ ಕೆಳಗೆ ಅಲುಗಬಾರದು. ಅಲ್ಲಿಯ ವರೆಗೆ ಅವ್ವ ಬಸ್ಸಿನಲ್ಲಿ ಹೋಗಿ ಬರಲಿ ಎಂದಿದ್ದೇನೆ.